ಮಲ್ಪೆ ಕಡಲಿಗೆ ಇಳಿಯುವ ಮುನ್ನ ಲೆನ್ಸ್ ತೆಗೆದಿಡಿ

ಜನವರಿಯಲ್ಲಿ ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಪಡುಬಿದ್ರಿ ಸುತ್ತಿ ಬಂದೆವು. ನನಗೂ ತಂಗಿಗೂ ಕಾಂಟ್ಯಾಕ್ಟ್ ಲೆನ್ಸ್ ಇರುವುದರಿಂದ ಬಟ್ಟೆಬರೆಗಿಂತ ಮೊದಲು ಕಣ್ಣಿನ ಸಾಮಾನು ಜೋಡಿಸಿಕೊಂಡೆವು. ಲೆನ್ಸ್ ಹಾಕುವವರು ಅತ್ತ ಹೊರಟಿದ್ದರೆ, ಉಳಿದುಕೊಂಡ ಕೋಣೆಯಲ್ಲೇ ಕೈ ತೊಳೆದು, ಒರೆಸಿ, ಲೆನ್ಸ್ ತೆಗೆದಿಟ್ಟು ಕಡಲಿಗೆ ಹೋಗಿ. ಉಪ್ಪು, ಮರಳು ಮೆತ್ತಿದ ಬೆರಳನ್ನು ಕಣ್ಣಿಗೆ ಹಾಕುವಂತಿಲ್ಲ.

ಉಪ್ಪುನೀರಿನ ಉರಿ, ಅಲೆ ಬಡಿದು ಲೆನ್ಸ್ ಕಳೆದುಹೋಗುವುದು ಸಣ್ಣ ವಿಷಯ. ನಿಜವಾದ ಭಯ ಅಕಾಂತಮೀಬಾ ಎಂಬ ಏಕಕೋಶ ಜೀವಿಯದು. ಸಮುದ್ರ, ಈಜುಕೊಳ, ಬಾವಿ, ನಲ್ಲಿ, ಎಲ್ಲಿಯ ನೀರಿನಲ್ಲಾದರೂ ಇರಬಹುದು. ಗಟ್ಟಿ ಕವಚ ತೊಟ್ಟು ಕುಳಿತರೆ ಈಜುಕೊಳದ ಕ್ಲೋರಿನ್‌ಗೂ ಜಗ್ಗುವುದಿಲ್ಲ. ಮೆದು ಲೆನ್ಸ್‌ಗೆ ಅದು ಅಂಟಿಕೊಂಡರೆ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಮೇಲೆಯೇ ಠಿಕಾಣಿ ಹೂಡಿದಂತೆ. ಸೋಂಕು ಅಪರೂಪ, ನಿಜ. ಆದರೆ ತಗುಲಿದರೆ ತಿಂಗಳುಗಟ್ಟಲೆ ಔಷಧ, ಕೆಲವರಿಗೆ ಕಾರ್ನಿಯಾ ಕಸಿಯೂ ಬೇಕಾಗುತ್ತದೆ.

ಕಡಲಲ್ಲಿ ಜಾಗ್ರತೆ ವಹಿಸಿದವರೂ ಎಡವುವುದು ಸ್ನಾನದ ಮನೆಯಲ್ಲಿ. ಕರಾವಳಿಯ ಹೋಮ್‌ಸ್ಟೇಗಳಲ್ಲಿ ಬಾವಿನೀರು ಸಾಮಾನ್ಯ. ಕುಡಿಯಲು ಎಷ್ಟು ಸಿಹಿಯಾಗಿದ್ದರೂ ಅದು ಲೆನ್ಸ್‌ಗೆ ಆಗದು. ಉಪ್ಪಿಲ್ಲದ ನೀರು ತಾಗಿದ ಮೆದು ಲೆನ್ಸ್ ಬಿಗಿಯಾಗಿ ಕಣ್ಣಿಗೆ ಕಚ್ಚಿಕೊಳ್ಳುತ್ತದೆ. ಆಗ ಎಳೆದರೆ ಕಾರ್ನಿಯಾ ತರಚುತ್ತದೆ. ಲೆನ್ಸ್‌ಗೆಂದೇ ಬರುವ ತೇವದ ಹನಿ ಹಾಕಿ, ಅದು ತಾನಾಗಿ ಸಡಿಲಗೊಂಡು ಜಾರುವವರೆಗೆ ಕಾಯಿರಿ. ಲೆನ್ಸ್ ಡಬ್ಬಿಯನ್ನೂ ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಲೆನ್ಸ್ ದ್ರಾವಣದಲ್ಲೇ ತೊಳೆದು ಕವುಚಿ ಒಣಗಿಸಿ.

ದ್ವೀಪದ ದೋಣಿಗೆ ಕನ್ನಡಕವೇ ಸಾಕು, ಹಿಂದಿನಿಂದ ದಾರ ಕಟ್ಟಿಕೊಳ್ಳಿ. ಅಲ್ಲಿ ಕಾಲ ಕೆಳಗೆ ಒಡೆದ ಚಿಪ್ಪು, ಸುತ್ತ ಕಪ್ಪು ಶಿಲಾಸ್ತಂಭಗಳು. ಮಸುಕಾಗಿ ಕಂಡರೆ ನಡೆಯುವುದು ಅಪಾಯ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಈಜುವ ಆಸೆಯಿದ್ದವರು ಪವರ್ ಇರುವ ಈಜು ಕನ್ನಡಕವನ್ನು ಊರಿನಲ್ಲೇ ತೆಗೆದುಕೊಳ್ಳಿ. ಸಮೀಪದೃಷ್ಟಿಯ ಬಹುತೇಕ ನಂಬರುಗಳಿಗೆ ಸಿದ್ಧವಾಗಿಯೇ ಸಿಗುತ್ತವೆ. ಅದೂ ಸಾಧ್ಯವಾಗದಿದ್ದರೆ ಒಂದೇ ದಿನ ಬಳಸಿ ಎಸೆಯುವ ಲೆನ್ಸ್ ಹಾಕಿ, ಮೇಲೆ ಬಿಗಿಯಾದ ಈಜು ಕನ್ನಡಕ ಧರಿಸಿ, ದಡಕ್ಕೆ ಬಂದು ಕೈ ತೊಳೆದ ಕೂಡಲೇ ಲೆನ್ಸ್ ಎಸೆಯಿರಿ. ಇದು ಎರಡನೆಯ ದಾರಿಯೇ ಹೊರತು ಮೊದಲನೆಯದಲ್ಲ.

ನಂತರ ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ಚುಚ್ಚಿದರೆ, ಲೆನ್ಸ್ ತೆಗೆದು ಅಂದೇ ನೇತ್ರತಜ್ಞರಲ್ಲಿಗೆ ಹೋಗಿ. ಉಡುಪಿಯಿಂದ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಹತ್ತಿರವೇ ಇದೆ. ಔಷಧದಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಹನಿ ಹಾಕಿಕೊಳ್ಳಲೇಬೇಡಿ, ಸೋಂಕು ಉಲ್ಬಣಿಸಬಹುದು. ತೆಗೆದ ಲೆನ್ಸ್ ಮತ್ತು ಡಬ್ಬಿಯನ್ನು ಜೊತೆಗೇ ಒಯ್ಯಿರಿ, ಪರೀಕ್ಷೆಗೆ ಬೇಕಾಗಬಹುದು. ಲೆನ್ಸ್ ಹಾಕಿಯೇ ನೀರಿಗೆ ಇಳಿದಿದ್ದರೆ ಅದನ್ನು ವೈದ್ಯರು ಕೇಳುವ ಮೊದಲೇ ಹೇಳಿಬಿಡಿ.