ಉಬ್ಬುಗೆರೆಯ ಲಿಬರೇಟರ್: ಮೊನೊಗ್ರಾಮ್‌ನ 1/48 ಬಿ–24ಜೆ ಕಿಟ್

ಎರಡನೆಯ ಮಹಾಯುದ್ಧದ ಬಾಂಬರ್‌ಗಳ, ಬಿಡಿಭಾಗಗಳನ್ನು ಅಂಟಿಸಿ ಮಾದರಿ ಕಟ್ಟುವ ಪ್ಲಾಸ್ಟಿಕ್ ಕಿಟ್ ಕೈಗೆ ಬಂದಾಗ ಇಂದಿನ ಮಾಡೆಲರ್‌ಗಳು ಮೊದಲು ಪರೀಕ್ಷಿಸುವುದು ಮೇಲ್ಮೈಯ ಗೆರೆಗಳನ್ನು. ಲೋಹದ ತಗಡುಗಳು ಕೂಡುವ ಜಾಗವನ್ನು ಕೊರೆದು ತೋರಿಸಿದ್ದರೆ ಕಿಟ್ ಒಳ್ಳೆಯದು, ಉಬ್ಬಿಸಿ ತೋರಿಸಿದ್ದರೆ ಹಳೆಯದು, ಆದ್ದರಿಂದ ಬೇಡ ಎಂಬ ತೀರ್ಪು ಪೆಟ್ಟಿಗೆ ತೆರೆದೊಡನೆ ಹೊರಬೀಳುತ್ತದೆ. 1976ರಲ್ಲಿ ಮೊನೊಗ್ರಾಮ್ ಹೊರತಂದ, ಆಮೇಲೆ ರೆವೆಲ್ ಹೆಸರಿನಲ್ಲೂ ಮತ್ತೆ ಬಂದ 1/48 ಅಳತೆಯ ಬಿ–24ಜೆ ಲಿಬರೇಟರ್ (ನಾಲ್ಕು ಎಂಜಿನ್‌ಗಳ ಅಮೆರಿಕನ್ ಬಾಂಬರ್), ಮೈತುಂಬ ಉಬ್ಬುಗೆರೆಗಳಿರುವ ಕಾರಣಕ್ಕೇ ಇಂಥ ತೀರ್ಪಿಗೆ ಗುರಿಯಾಗುತ್ತ ಬಂದಿದೆ. ಬಾಂಬರ್ ಕಿಟ್ಟಿನ ಬೆಲೆ ಕಟ್ಟಬೇಕಾದದ್ದು ಗೆರೆಯಿಂದಲ್ಲ, ಆಕಾರದಿಂದ ಎಂಬುದು ನನ್ನ ನಿಲುವು.

ಗೆರೆಯ ಲೆಕ್ಕವನ್ನೇ ಮೊದಲು ನೋಡೋಣ. 1/48ರಲ್ಲಿ 0.2 ಮಿ.ಮೀ. ಅಗಲದ ಗೆರೆಯೆಂದರೆ ನಿಜವಾದ ವಿಮಾನದ ಮೇಲೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಅಗಲದ ಬಿರುಕು. ಅಂಥ ಬಿರುಕುಗಳಿದ್ದ ವಿಮಾನವನ್ನು ಯಾರೂ ಹಾರಿಸುತ್ತಿರಲಿಲ್ಲ. ಅಂದರೆ ಉಬ್ಬುಗೆರೆಯೂ ಕೊರೆಗೆರೆಯೂ ಎರಡೂ ಉತ್ಪ್ರೇಕ್ಷೆಗಳೇ. ಕೊರೆದದ್ದು ತೆಳುಬಣ್ಣವನ್ನು ಹಿಡಿದಿಟ್ಟುಕೊಂಡು ಕಣ್ಣಿಗೆ ಹಿತವಾಗಿ ಕಾಣುತ್ತದೆ, ಅಷ್ಟೆ.

ಲಿಬರೇಟರ್‌ನ ಗುರುತು ಇರುವುದು ಅದರ ರೆಕ್ಕೆಯಲ್ಲಿ. ಡೇವಿಡ್ ಡೇವಿಸ್ ರೂಪಿಸಿದ, ಉದ್ದಕ್ಕೆ ಹೋಲಿಸಿದರೆ ಅಗಲ ತೀರಾ ಕಡಿಮೆಯಿರುವ ಆ ರೆಕ್ಕೆಯ ಹರವು 110 ಅಡಿ. ಒಡಲಿನ ಮೇಲ್ಭಾಗದಲ್ಲಿ ಕೂರುವ ಈ ಸಪೂರ ರೆಕ್ಕೆ ಸ್ವಲ್ಪ ಅಗಲವಾದರೂ ಇಡೀ ಮಾದರಿ ಬೇರೆ ಯಾವುದೋ ವಿಮಾನದಂತೆ ಕಾಣುತ್ತದೆ. ಎಂಜಿನ್‌ನ ಹೊದಿಕೆಗಳೂ ಅಂಥದೇ ಪರೀಕ್ಷೆ: ಎರಡು ಪಕ್ಕಗಳಲ್ಲೂ ಗಾಳಿ ಒಳಸೇರುವ ದ್ವಾರಗಳಿರುವುದರಿಂದ ಅವು ದುಂಡಗಿರದೆ ಅಡ್ಡಲಾಗಿ ಅಂಡಾಕಾರದಲ್ಲಿರಬೇಕು. ಈ ಎರಡರಲ್ಲೂ ಕಿಟ್ ನನಗೆ ತೃಪ್ತಿ ಕೊಡುತ್ತದೆ. ಜೋಡಿ ಬಾಲಫಲಕಗಳು ಮತ್ತು ಪಕ್ಕಗಳು ಚಪ್ಪಟೆಯಾಗಿರುವ ಆಳವಾದ ಒಡಲು ಸೇರಿದಾಗ, ಅಂದವಿಲ್ಲದ ಆ ವಿಮಾನ ತನ್ನ ಅಂದವಿಲ್ಲದ ರೂಪದಲ್ಲೇ ಎದುರು ನಿಲ್ಲುತ್ತದೆ.

ನಿಜವಾದ ತೊಂದರೆ ತೂಕದ್ದು. ಮೂತಿಯ ಕೆಳಗೆ ಚಕ್ರವಿರುವ ಈ ವಿಮಾನದ ಮಾದರಿ, ಮುಂಭಾಗಕ್ಕೆ ಭಾರ ತುಂಬದಿದ್ದರೆ ಬಾಲದ ಮೇಲೆ ಕುಳಿತುಬಿಡುತ್ತದೆ. (ಅಸಲಿಗೂ ಇದೇ ಚಾಳಿಯಿತ್ತು, ನಿಲ್ಲಿಸಿದಾಗ ಹಿಂಬದಿಯಲ್ಲಿ ಭಾರ ಹೆಚ್ಚಾದರೆ ಮೂತಿ ಮೇಲೇಳುತ್ತಿದ್ದುದರಿಂದ ನೆಲದ ಸಿಬ್ಬಂದಿ ಬಾಲಕ್ಕೆ ಊರೆ ಕೊಡುತ್ತಿದ್ದರು.) ಮೂತಿಯ ತುಂಬ ಪಾರದರ್ಶಕ ಕಿಟಕಿಗಳೇ ಇರುವುದರಿಂದ ಭಾರವನ್ನು ಅಡಗಿಸಲು ಜಾಗ ಕಡಿಮೆ. ಪೈಲಟ್ ಆಸನಗಳ ನೆಲದಡಿ, ಮುಂಚಕ್ರದ ಗೂಡಿನ ಆಚೀಚೆ, ಹಾಗೂ ಹಿಂಚಕ್ರಗಳಿಗಿಂತ ಮುಂದಿರುವ ನಾಲ್ಕು ಎಂಜಿನ್‌ಗಳ ಹಿಂದೆ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಅಂಟಿಸಬಹುದು. ಒಡಲನ್ನು ಮುಚ್ಚುವ ಮೊದಲೇ ಎಲ್ಲವನ್ನೂ ಟೇಪಿನಿಂದ ತಾತ್ಕಾಲಿಕವಾಗಿ ಜೋಡಿಸಿ ತೂಗಿ ನೋಡಬೇಕು, ಏಕೆಂದರೆ ಸೇರಿಸಿದ ಪ್ರತಿ ಗ್ರಾಮನ್ನೂ ಕೊನೆಗೆ ಹೊರಬೇಕಾದದ್ದು ಆ ಉದ್ದನೆಯ ಪ್ಲಾಸ್ಟಿಕ್ ಕಾಲುಗಳು.

ಪೈಲಟ್ ಕೋಣೆ, ಬಾಂಬ್ ಕೋಣೆ, ಗನ್ ಗೋಪುರಗಳಲ್ಲಿ ಆ ಕಾಲಕ್ಕೆ ಮೆಚ್ಚುವಷ್ಟು ವಿವರಗಳಿವೆ. ಒಡಲು ಮುಚ್ಚಿದ ಮೇಲೆ ಅವುಗಳಲ್ಲಿ ಹೆಚ್ಚಿನವು ಕಾಣುವುದಿಲ್ಲ.

ನಮ್ಮವರಿಗೆ ಈ ಕಿಟ್ಟಿನ ಮೇಲೆ ಆಸಕ್ತಿ ಹುಟ್ಟಲು ಇನ್ನೊಂದು ಕಾರಣವಿದೆ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋದ ಲಿಬರೇಟರ್‌ಗಳನ್ನು ಎಚ್‌ಎಎಲ್ ಅಲ್ಲಿಯೇ ಹಾರುವಷ್ಟರಮಟ್ಟಿಗೆ ರಿಪೇರಿ ಮಾಡಿ, ಬೆಂಗಳೂರಿಗೆ ತಂದು ಪೂರ್ತಿಯಾಗಿ ಸಜ್ಜುಗೊಳಿಸಿತು. ಹಾಗೆ ಹಾರಿಸಿ ತಂದವರು ಅದರ ಪರೀಕ್ಷಾ ಪೈಲಟ್ ಜಮ್ಶೆಡ್ ಮುನ್ಷಿ. 1948ರಲ್ಲಿ ರೂಪುಗೊಂಡ ವಾಯುಪಡೆಯ 5ನೇ ಸ್ಕ್ವಾಡ್ರನ್ ಇವುಗಳನ್ನೇ ಬಳಸಿತು, ಮತ್ತು ಈ ವಿಮಾನಗಳು 1968ರವರೆಗೂ ಭಾರತದ ಸೇವೆಯಲ್ಲಿದ್ದವು. ದೆಹಲಿಯ ಪಾಲಂ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇಂಥದೊಂದು ಲಿಬರೇಟರ್ ಇದೆ.

ಹಳೆಯ ಚಿತ್ರಗಳಲ್ಲಿ ಕಾಣುವಂತೆ ಬರಿಯ ಲೋಹದ ಮೈಯಿರುವ ಭಾರತೀಯ ಲಿಬರೇಟರ್ ಕಟ್ಟುವುದಾದರೆ ತ್ರಿವರ್ಣ ವೃತ್ತದ ಡಿಕಾಲ್‌ಗಳನ್ನು (ಮಾದರಿಯ ಮೇಲೆ ಅಂಟಿಸುವ ಗುರುತಿನ ಚಿತ್ರಗಳನ್ನು) ಬೇರೆಯಾಗಿ ಹೊಂದಿಸಿಕೊಳ್ಳಬೇಕು. ಅದಕ್ಕಿಂತ ಕಷ್ಟದ್ದು ಒಡಲಿನ ಬೆಸುಗೆಯ ಸಾಲು. ಅದನ್ನು ಉಪ್ಪುಕಾಗದದಿಂದ ತಿಕ್ಕಿದರೆ ಆಚೀಚಿನ ಉಬ್ಬುಗೆರೆಗಳೂ ಅಳಿಯುತ್ತವೆ. ಎಲ್ಲವನ್ನೂ ತಿಕ್ಕಿ ಹೊಸದಾಗಿ ಕೊರೆಯಲು ಹೊರಟರೆ ಜಾರಿದ ಉಳಿಯ ಒಂದೊಂದು ಗೀರೂ ಬೆಳ್ಳಿಬಣ್ಣದಡಿ ಎದ್ದು ಕಾಣುತ್ತದೆ. ಸಾಲಿನ ಎರಡೂ ಬದಿಗೆ ಟೇಪ್ ಅಂಟಿಸಿಕೊಂಡು ಸಣ್ಣ ಪಟ್ಟಿಯಷ್ಟೇ ತಿಕ್ಕಿ, ಅಳಿದ ಗೆರೆಗಳ ಜಾಗದಲ್ಲಿ ಮೋಂಬತ್ತಿಯ ಶಾಖಕ್ಕೆ ಹಿಡಿದು ಎಳೆದ ಸ್ಪ್ರೂವಿನ (ಕಿಟ್ಟಿನ ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಕಡ್ಡಿಯ) ಎಳೆಗಳನ್ನು ಅಂಟಿಸುವುದು ನನಗೆ ಹೆಚ್ಚು ಒಪ್ಪಿಗೆಯಾದ ದಾರಿ. ಹಾಗೆ ಅಂಟಿಸಿದ ಎಳೆಗೆ ಬಣ್ಣ ಬಳಿದ ಮೇಲೆ ಉಳಿದ ಉಬ್ಬುಗೆರೆಗೂ ಅದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.