ಗಟ್ಟಿ ಹಲ್ಲು

"ಈ ಹಾಲುಹಲ್ಲು ಯಾವತ್ತೂ ಅಲ್ಲಾಡಲಿಲ್ಲವೇನಮ್ಮ?" ಎಂದು ಮೈಸೂರಿನ ಡಾಕ್ಟರ್ ಕೇಳಿದರು. "ಇಲ್ಲ. ಅಮ್ಮನಿಗೆ ಹೇಳಿದ್ದೆ" ಎಂದಳು ಮಗಳು. ದೂರುವ ದನಿಯಲ್ಲ ಅದು. ಕೇಳಿದ್ದಕ್ಕೆ ಉತ್ತರ, ಅಷ್ಟೆ. ಮಂಗಳವಾರದಿಂದ ನನಗೆ ಆ ಮಾತಿನದೇ ಗುಂಗು.

ಹೇಳಿದ್ದಳು, ನಿಜ. ಆಗ ಅವಳಿಗೆ 11 ವರ್ಷ. ಶಾಲೆಯ ವ್ಯಾನ್ ಬರುವ ಹೊತ್ತು, ನಾನು ಜಡೆ ಹೆಣೆಯುತ್ತಿದ್ದೆ. "ಎಡಗಡೆಯದು ಬಿದ್ದು ಹೊಸದು ಬಂತು, ಇದು ಅಲ್ಲಾಡುವುದೇ ಇಲ್ಲವಲ್ಲಮ್ಮ" ಎಂದಳು. ಬೆರಳಿನಿಂದ ಒಮ್ಮೆ ಒತ್ತಿ ನೋಡಿ, "ಅಜ್ಜಿಯ ಹಾಗೆ ಗಟ್ಟಿ ಹಲ್ಲು ನಿನ್ನದು" ಎಂದು ಟೇಪು ಕಟ್ಟಿ ಕಳುಹಿಸಿದೆ.

ಆ ಗಟ್ಟಿ ಹಲ್ಲಿನ ಮೇಲೆ, ಅಂಗುಳಿನ ಮೂಳೆಯೊಳಗೆ, ನಿಜವಾದ ಕೋರೆಹಲ್ಲು ಓರೆಯಾಗಿ ಮಲಗಿತ್ತು. 9-10 ವರ್ಷಕ್ಕೇ ವಸಡಿನ ಮೇಲೆ ಬೆರಳಾಡಿಸಿದರೆ ಅದರ ಉಬ್ಬು ಸಿಗಬೇಕು. ಸಿಗದಿದ್ದರೆ ಎಕ್ಸ್‌-ರೇ. ಬೇಗ ಕಂಡರೆ ಎಷ್ಟೋ ಮಕ್ಕಳಿಗೆ ಹಾಲುಹಲ್ಲು ಕಿತ್ತರೇ ಸಾಕು, ಕೋರೆಹಲ್ಲು ತಾನಾಗಿ ದಾರಿ ಹಿಡಿಯುತ್ತದೆ. ನಾನು ಒತ್ತಿದ್ದು ಹಲ್ಲನ್ನು. ಬೆರಳು ಇನ್ನೊಂದಿಷ್ಟು ಮೇಲೆ ಹೋಗಬೇಕಿತ್ತು.

ಈಗ 14. ಎಂಟು ತಿಂಗಳು ಕ್ಲಿಪ್ ಹಾಕಿ ಜಾಗ ಮಾಡಿದ ಮೇಲೆ, ಈ ಮಂಗಳವಾರ ಹಾಲುಹಲ್ಲು ಕಿತ್ತು, ಅಂಗುಳು ಬಿಡಿಸಿ, ಒಳಗಿನ ಹಲ್ಲಿಗೆ ಒಂದು ಗುಂಡಿ ಅಂಟಿಸಿದರು. ಅದಕ್ಕೊಂದು ಸರಪಣಿ. ಗೊಂಬೆಯ ಕಾಲ್ಗೆಜ್ಜೆಗೂ ಸಣ್ಣದೆನ್ನುವಂಥ ಕೊಂಡಿಗಳು. ಅದರ ತುದಿಯನ್ನು ಕ್ಲಿಪ್ಪಿನ ತಂತಿಗೆ ಕಟ್ಟಿದ್ದಾರೆ. ಜೋರಾಗಿ ಎಳೆಯುವಂತಿಲ್ಲ, ಬೇರಿಗೆ ಪೆಟ್ಟಾಗುತ್ತದೆ. ತಿಂಗಳಿಗೆ ಒಂದು ಮಿಲಿಮೀಟರ್ ಬಂದರೆ ಬಹಳ. ಪಕ್ಕದ ಬಾಚಿಹಲ್ಲಿನ ಬೇರು ಸವೆದಿಲ್ಲ ಎಂದು ಡಾಕ್ಟರ್ ತೋರಿಸಿದಾಗ ನನಗೆ ಉಸಿರು ಬಂತು.

"ಇರುವ ಹಲ್ಲು ಚೆನ್ನಾಗಿಯೇ ಇತ್ತಲ್ಲ ಅತ್ತಿಗೆ, ಮದುವೆಯ ಹೊತ್ತಿಗೆ ನೋಡಿದರಾಗುತ್ತಿತ್ತು" ಎಂದು ನಾದಿನಿ ಫೋನಿನಲ್ಲಿ ಅಂದಳು. ಒಳ್ಳೆಯವಳೇ, ಮಗಳೆಂದರೆ ಪ್ರಾಣ. ಆದರೆ ಹುಡುಗಿಯ ಬಾಯಿ ಅವಳು ಊಟ ಮಾಡುವುದಕ್ಕೆ, ಮಾತಾಡುವುದಕ್ಕೆ ಇರುವುದು. ಮದುವೆಯ ಮಾತು ಅಲ್ಲಿಗೇಕೆ ಬರಬೇಕು?

ಮಂಡ್ಯಕ್ಕೆ ಮರಳುವ ರೈಲಿನಲ್ಲಿ ಶ್ರೀರಂಗಪಟ್ಟಣ ದಾಟುವವರೆಗೂ ಮಗಳು ಕೆನ್ನೆಗೆ ಐಸ್ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು. ಆಮೇಲೆ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟಳು. ಹಾಲುಹಲ್ಲು. ಮಿಕ್ಕವನ್ನೆಲ್ಲ ಸಗಣಿಯಲ್ಲಿ ಸುತ್ತಿ ಅಜ್ಜಿಯ ಮನೆಯ ಹೆಂಚಿನ ಮೇಲೆ ಎಸೆದಿದ್ದೆವು. ಇದೊಂದು ಬಾಕಿ.

ಸಂಜೆ ಹಿಂದಿನ ಬೀದಿಯ ಕೊಟ್ಟಿಗೆಗೆ ಹೋಗಿ ಸಗಣಿ ಕೇಳಿ ತಂದೆ.