ನೊರೆ ಬಾರದ ಆರನೇ ಪೊಟ್ಟಣ

1991ರ ಜುಲೈ. ನಾವು ಒಂಬತ್ತನೇ ತರಗತಿ. ತೀರ್ಥಹಳ್ಳಿ ಕಡೆಯ ಮಳೆ ಗೊತ್ತಲ್ಲ, ಹೆಂಚಿನ ಮೇಲೆ ಬೀಳುವ ಸದ್ದಿಗೆ ಪಾಠವೇ ಕೇಳುತ್ತಿರಲಿಲ್ಲ. ಅಂಥ ಒಂದು ಮಧ್ಯಾಹ್ನ ವಿಜ್ಞಾನದ ಮೇಷ್ಟ್ರು ಪುಸ್ತಕ ಮುಚ್ಚಿಟ್ಟು ಪ್ರತಿ ಬೆಂಚಿಗೂ ಆರಾರು ಪೊಟ್ಟಣ ಹಂಚಿದರು. ಎಲ್ಲದರಲ್ಲೂ ಬಿಳಿ ಪುಡಿ. ಮೇಲೆ ನಂಬರ್ ಮಾತ್ರ.

"ಎಲ್ಲಾ ನಿಮ್ಮನೆಯಲ್ಲೋ ಶಾಲೆಯಲ್ಲೋ ಇರೋದೇ. ಯಾವುದು ಏನು ಅಂತ ಕಂಡುಹಿಡೀರಿ. ನಾಲಿಗೆಗೆ ಮಾತ್ರ ಇವತ್ತು ರಜೆ" ಎಂದರು.

ನಮ್ಮ ಪ್ರಯೋಗಾಲಯ ಎಂದರೆ ಒಂದು ಹಳೇ ಬೀರು. ಅದರಿಂದ ಆ ದಿನ ಏನೂ ಹೊರಗೆ ಬರಲಿಲ್ಲ. ಮೇಜಿನ ಮೇಲಿದ್ದದ್ದು ನಿಂಬೆಹಣ್ಣು, ಅರಿಸಿನದ ನೀರಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರು, ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್, ಒಂದು ಚಿಮಣಿ ಬುಡ್ಡಿ, ಸೊಟ್ಟ ಚಮಚ.

ಒಂದನೇ ಪೊಟ್ಟಣಕ್ಕೆ ಪರೀಕ್ಷೆಯೇ ಬೇಕಾಗಲಿಲ್ಲ. ಬಿಚ್ಚುವಷ್ಟರಲ್ಲಿ ಕಾಗದವೆಲ್ಲ ಒದ್ದೆ. ಮಳೆಗಾಲದಲ್ಲಿ ಉಪ್ಪು ಯಾವುದು ಅಂತ ಮಲೆನಾಡಿನ ಮಕ್ಕಳಿಗೆ ಹೇಳಿಕೊಡಬೇಕೆ? ಎರಡನೆಯದು ಚಮಚದಲ್ಲಿ ಕರಗಿ, ಕಂದಾಗಿ, ಕೊನೆಗೆ ಕರೀ ಹೊಗೆಯಾಯಿತು. ಸಕ್ಕರೆ. ಮೂರನೆಯದಕ್ಕೆ ಅಯೋಡಿನ್ ಬಿಟ್ಟ ಕೂಡಲೇ ಕಡು ನೀಲಿ. ಹಿಟ್ಟು. ಪಕ್ಕದ ಬೆಂಚಿನವನೊಬ್ಬ ಸುಮ್ನೆ ಇರಲಾರದೆ ಬುತ್ತಿಯಲ್ಲಿದ್ದ ಕಡುಬಿಗೂ ಒಂದು ಹನಿ ಬಿಟ್ಟ. ಕಡುಬು ಶಾಯಿ ಕುಡಿದ ಹಾಗಾಯಿತು. ಅದನ್ನು ಎಸೆಯುವಾಗ ಅವನ ಮುಖ ನೋಡಬೇಕಿತ್ತು.

ಆಗ ನಮ್ಮ ತರಗತಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸಾರ್, ಉಪ್ಪಲ್ಲೂ ಅಯೋಡಿನ್ ಇರುತ್ತೆ ಅಂತಾರೆ. ಮತ್ತೆ ಅನ್ನಕ್ಕೆ ಉಪ್ಪು ಹಾಕಿದರೆ ಯಾಕೆ ನೀಲಿ ಆಗಲ್ಲ?" ಮೇಷ್ಟ್ರಿಗೆ ಎಷ್ಟು ಖುಷಿಯಾಯಿತೆಂದರೆ ಅರ್ಧ ಪಿರಿಯಡ್ ಅದಕ್ಕೇ ಹೋಯಿತು. ಉಪ್ಪಿಗೆ ಬೆರೆಸುವುದು ಬರೀ ಅಯೋಡಿನ್ ಅಲ್ಲ, ಪೊಟ್ಯಾಸಿಯಂ ಅಯೋಡೇಟ್. ಅದು ಹಿಟ್ಟಿಗೆ ಬಣ್ಣ ಕೊಡುವುದಿಲ್ಲ. ಪ್ರಮಾಣವೂ ತೀರಾ ಕಡಿಮೆ. ಅಡುಗೆಮನೆ ತಲುಪುವ ಒಂದು ಕಿಲೋ ಉಪ್ಪಿನಲ್ಲಿ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕೆಂಬುದು ನಮ್ಮಲ್ಲಿನ ಲೆಕ್ಕ.

ನಾಲ್ಕು ಮತ್ತು ಐದು ಸ್ವಲ್ಪ ಆಟ ಆಡಿಸಿದವು. ಎರಡಕ್ಕೂ ನಿಂಬೆರಸ ಹಿಂಡಿದರೆ ಬುಸ್ಸೆಂದು ನೊರೆ. ಬಿಡಿಸಿಕೊಟ್ಟದ್ದು ಅರಿಸಿನದ ಕಾಗದ. ಒಂದಕ್ಕೆ ಅದು ಕಿತ್ತಳೆ ಕಡೆಗೆ ಸ್ವಲ್ಪ ತಿರುಗಿ ನಿಂತಿತು, ಅಡುಗೆ ಸೋಡಾ. ಇನ್ನೊಂದಕ್ಕೆ ಆರತಿ ನೀರಿನಂಥ ಕೆಂಪು, ಬಟ್ಟೆ ಸೋಡಾ. ಅರಿಸಿನಕ್ಕೆ ಸುಣ್ಣ ಹಾಕಿದರೆ ಆರತಿ ಕೆಂಪಾಗುವುದೂ ಇದೇ ಕ್ಷಾರದ ಗುಣದಿಂದ ಅಂತ ಅವತ್ತು ಗೊತ್ತಾಯಿತು. ಮೇಷ್ಟ್ರು ಆ ಕೆಂಪಿನ ಮೇಲೆ ನಿಂಬೆರಸ ಬಿಟ್ಟು ಮತ್ತೆ ಹಳದಿ ಮಾಡಿ ತೋರಿಸಿದರು.

ಆರನೆಯದು ಸೀಮೆಸುಣ್ಣದ ಪುಡಿ. ಮೇಷ್ಟ್ರ ಕೋಟಿನ ತೋಳಿಗೆ ಅಂಟಿಕೊಂಡಿದ್ದ ಅದೇ ಪುಡಿ. ನೋಡಿದ ಕೂಡಲೇ ಗುರುತಾಯಿತು. ಸೀಮೆಸುಣ್ಣ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ಬಿದ್ದರೆ ನೊರೆ ಬರಬೇಕು. ಪುಸ್ತಕದಲ್ಲಿ ಹಾಗೇ ಇತ್ತು. ನಾನು "ಸಣ್ಣಗೆ ನೊರೆ ಬಂತು" ಎಂದು ಬರೆದೆ. ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ನಾನು ನಿಂಬೆರಸವನ್ನೇ ಹಾಕಿರಲಿಲ್ಲ.

ಮೇಷ್ಟ್ರು ನೋಟ್‌ಬುಕ್ ಓದಿ, "ನಂಗೂ ಆ ನೊರೆ ತೋರಿಸು ಮಾರಾಯ" ಎಂದರು. ಹಿಂಡಿದೆ. ಏನೂ ಇಲ್ಲ. ಇಡೀ ಹೋಳು ಹಿಂಡಿದೆ. ಪುಡಿ ಒದ್ದೆಯಾಯಿತು, ಅಷ್ಟೇ. ತರಗತಿಯೆಲ್ಲ ನಗುತ್ತಿತ್ತು. ಅವರು ನಗಲಿಲ್ಲ. ಜೇಬಿನ ಚಾಕು ತೆಗೆದು, ಗೋಡೆಯ ಸುಣ್ಣದ ಹೆಕ್ಕಳಿಕೆಯೊಂದನ್ನು ಕೆರೆದು ನನ್ನ ಅಂಗೈಗೆ ಹಾಕಿದರು. "ಈಗ ಹಿಂಡು." ಚುರ್ ಎಂದು ಗುಳ್ಳೆ ಎದ್ದಿತು.

ಆ ಡಬ್ಬಿಯ ಸೀಮೆಸುಣ್ಣವನ್ನು ಮಾಡಿದ್ದು ಜಿಪ್ಸಮ್ಮಿನಿಂದ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಅದರಲ್ಲಿ ಹೊರಬರಲು ಅನಿಲವೇ ಇಲ್ಲ. ಗೋಡೆಗೆ ಬಳಿದ ಸುಣ್ಣವೋ, ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿ ಹೀರಿ ಕಾರ್ಬೊನೇಟ್ ಆಗಿಬಿಟ್ಟಿರುತ್ತದೆ. ಹೆಸರಿನ ಸುಣ್ಣ ಸುಮ್ಮನಿತ್ತು, ಗೋಡೆಯ ಸುಣ್ಣ ಮಾತಾಡಿತು. ಮೇಷ್ಟ್ರು ನನ್ನ ಸಾಲಿನ ಮೇಲೆ ಗೀಟು ಎಳೆದು ಪಕ್ಕದಲ್ಲಿ "ಕಂಡಿದ್ದು ಬರಿ" ಎಂದು ಬರೆದರು. ಬೇರೆ ಬೈಗುಳ ಇಲ್ಲ.

ಈಗ ನಾನು ಅಡಿಕೆ ತೋಟ ನೋಡಿಕೊಂಡಿದ್ದೇನೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಅಳತೆ ಎಲ್ಲರಿಗೂ ಬಾಯಿಪಾಠ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಈ ಸಲ ಮಳೆ ಹಿಡಿಯುವ ಮೊದಲು ಎರಡನ್ನೂ ಬೆರೆಸಿ, ಅಪ್ಪಯ್ಯ ಮಾಡುತ್ತಿದ್ದ ಹಾಗೆ ಕತ್ತಿಯ ತುದಿ ಅದ್ದಿದೆ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತಿತ್ತು. ಸುಣ್ಣ ಸಾಲದು ಅಂತ ಅರ್ಥ. ಹಾಗೇ ಹೊಡೆದರೆ ಗೊನೆ ಸುಡುತ್ತದೆ.

"ಅಳತೆ ಸರಿ ಇದೆಯಲ್ಲ, ದಿನಾ ಇಷ್ಟೇ ಹಾಕೋದು" ಎಂದ ಔಷಧಿ ಹೊಡೆಯುವವನು. ಅಳತೆ ಸರಿಯಾಗೇ ಇತ್ತು. ಸುಣ್ಣದ ಚೀಲ ಮಾತ್ರ ಹೋದ ವರ್ಷದ್ದು, ಬಾಯಿ ಬಿಚ್ಚಿಟ್ಟದ್ದು. ಗೋಡೆಯ ಸುಣ್ಣದ ಹಾಗೆ ಅದೂ ಗಾಳಿ ಹೀರಿತ್ತು. ಹೊಸ ಚೀಲ ಒಡೆಸಿ ಇನ್ನೊಂದಿಷ್ಟು ಸುಣ್ಣದ ನೀರು ಸೇರಿಸಿದೆ. ಕತ್ತಿಯನ್ನು ಉಜ್ಜಿ ಮತ್ತೆ ಅದ್ದಿದೆ.